ವೈಫೈ ಆನ್ ಮಾಡಿದರೆ ಎಲ್ಇಡಿ ಸ್ಟ್ರಿಪ್‌ಗೆ ದೆವ್ವ ಹಿಡಿಯುತ್ತೆ, ಯಾರಾದ್ರೂ ಬಿಡಿಸಿ ಕೊಡಿ

ಮಿಣುಕುಹುಳ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ಎಲ್ಇಡಿ ಸ್ಟ್ರಿಪ್ ಜೊತೆ ಗುದ್ದಾಡುತ್ತಿದ್ದೇನೆ. ಈಗ ತಲೆ ಕೆಟ್ಟು ಇಲ್ಲಿಗೆ ಬಂದಿದ್ದೇನೆ.

ನನ್ನ ಹತ್ತಿರ ಇರುವುದು ಇಷ್ಟು. ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್, 5 ಮೀಟರ್ ಡಬ್ಲ್ಯೂಎಸ್2812ಬಿ ಸ್ಟ್ರಿಪ್, ಮೀಟರ್‌ಗೆ 60ರಂತೆ ಒಟ್ಟು 300 ದೀಪ. 5 ವೋಲ್ಟ್ 10 ಆಂಪ್ ಪವರ್ ಸಪ್ಲೈ. ಡೇಟಾ ವೈರ್ ಡಿ1 ಪಿನ್‌ನಿಂದ. ಬೋರ್ಡೇ ಒಂದು ಪುಟ್ಟ ವೆಬ್ ಪುಟ ತೋರಿಸುತ್ತದೆ, ಫೋನಿನಲ್ಲಿ ತೆರೆದು ಸ್ಲೈಡರ್ ಎಳೆದರೆ ಬಣ್ಣ ಬದಲಾಗಬೇಕು. ಕೋಡ್ ನಾನೇ ಬರೆದದ್ದು, ಲೈಬ್ರರಿ ಅಡಾಫ್ರೂಟ್ ನಿಯೋಪಿಕ್ಸೆಲ್.

ಮೇಜಿನ ಮೇಲೆ 30 ದೀಪದ ತುಂಡು ಇಟ್ಟು ನೋಡಿದಾಗ ಚಿನ್ನದಂತೆ ಓಡಿತು. ಪೂರ್ತಿ ಸ್ಟ್ರಿಪ್ ಗೋಡೆಗೆ ಅಂಟಿಸಿದ ಮೇಲೆ ಕಾಟ ಶುರು. ಏನೂ ಮುಟ್ಟದೆ ಕೂತರೂ ಆಗಾಗ ಮೊದಲ ಕೆಲವು ದೀಪ ಹಸಿರೋ ನೀಲಿಯೋ ಮಿಂಚಿ ಸುಮ್ಮನಾಗುತ್ತವೆ. ಪೂರ್ತಿ ಬಿಳಿ ಹಾಕಿದರೆ ಬೋರ್ಡಿನಿಂದ ದೂರದ ಆ ತುದಿ ಕೆಂಪಗೆ ಕಾಣುತ್ತದೆ. ಸ್ಲೈಡರ್ ಎಳೆದರಂತೂ ಇಡೀ ಸ್ಟ್ರಿಪ್ ಕುಣಿಯುತ್ತದೆ, ಒಮ್ಮೊಮ್ಮೆ ಬೋರ್ಡೇ ರೀಸೆಟ್ ಆಗುತ್ತದೆ. ವೈಫೈ ತೆಗೆದು ಬರೀ ಮಳೆಬಿಲ್ಲು ಓಡಿಸಿದರೆ ಮಿಂಚುವುದು ತುಂಬಾ ಕಡಿಮೆ. ಸ್ಟ್ರಿಪ್ ಕೆಟ್ಟಿದೆಯಾ, ಬೋರ್ಡ್ ಕೆಟ್ಟಿದೆಯಾ, ಇಲ್ಲ ನಾನಾ?

ಓಮ್_ಮಾವ

300 ದೀಪಕ್ಕೆ 10 ಆಂಪ್ ಎಲ್ಲಿಂದ ಸಾಕಾಗಬೇಕು? ಒಂದು ದೀಪದೊಳಗೆ ಮೂರು ಬಣ್ಣ, ಒಂದೊಂದಕ್ಕೆ ಸುಮಾರು 20 ಮಿಲಿಆಂಪ್. ಪೂರ್ತಿ ಬಿಳಿಗೆ 60. 300 ದೀಪಕ್ಕೆ 18 ಆಂಪ್, ಅಂದರೆ 90 ವ್ಯಾಟ್. ಮೊದಲು ಸಪ್ಲೈ ಬದಲಿಸಿ, ಆಮೇಲೆ ಮಾತಾಡೋಣ.

ಸೋಲ್ಡರ್_ಹೊಗೆ

ಮಾವ, 18 ಆಂಪ್ ಅನ್ನುವುದು ಕಾಗದದ ಲೆಕ್ಕ. ಇವರು ಒಂದೇ ತುದಿಯಿಂದ ಪವರ್ ಕೊಟ್ಟಿದ್ದಾರೆ. ಸ್ಟ್ರಿಪ್‌ನ ಆ ತೆಳ್ಳನೆ ತಾಮ್ರದಲ್ಲಿ ಅಷ್ಟು ಕರೆಂಟ್ ಹರಿಯುವುದೇ ಇಲ್ಲ. ದಾರಿಯಲ್ಲೇ ವೋಲ್ಟೇಜ್ ಬಿದ್ದು ಹೋಗುತ್ತದೆ, ದೂರದ ದೀಪಗಳು ಕಡಿಮೆ ಎಳೆಯುತ್ತವೆ. 50 ಆಂಪ್ ಸಪ್ಲೈ ತಂದಿಟ್ಟರೂ ಆ ತುದಿ ಕೆಂಪೇ.

ಹುಳ ಅವರೇ, ಮಲ್ಟಿಮೀಟರ್ ಇದೆಯಾ? ಬಿಳಿ ಹಾಕಿ ಎರಡೂ ತುದಿಯಲ್ಲಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಅಳೆದು ಹೇಳಿ.

ಮಿಣುಕುಹುಳ

ಅಳೆದೆ. ಈ ತುದಿ 4.9, ಆ ತುದಿ 3.4.

ಸೋಲ್ಡರ್_ಹೊಗೆ

ಸಿಕ್ಕಿತಲ್ಲ. ಕೆಂಪು ಎಲ್ಇಡಿ ಸುಮಾರು 2 ವೋಲ್ಟ್‌ಗೇ ಉರಿಯುತ್ತದೆ. ನೀಲಿ, ಹಸಿರಿಗೆ 3ರ ಮೇಲೆ ಬೇಕು. ವೋಲ್ಟೇಜ್ ಇಳಿಯುತ್ತಾ ಹೋದಂತೆ ಮೊದಲು ಮಂಕಾಗುವುದು ನೀಲಿ, ಹಸಿರು. ಉಳಿಯುವುದು ಕೆಂಪು. ಸ್ಟ್ರಿಪ್ ಚೆನ್ನಾಗೇ ಇದೆ, ಪಾಪ ಹಸಿದಿದೆ ಅಷ್ಟೆ.

ಸಪ್ಲೈಯಿಂದ ಇನ್ನೊಂದು ಜೋಡಿ ದಪ್ಪ ವೈರ್ ಎಳೆದು ಆ ತುದಿಗೂ 5 ವೋಲ್ಟ್, ಗ್ರೌಂಡ್ ಕೊಡಿ. ಡೇಟಾ ಬೇಡ, ಅದು ಈ ತುದಿಯಿಂದ ಮಾತ್ರ. ಸಾಧ್ಯವಾದರೆ ನಡುವೆಯೂ ಒಂದು ಕಡೆ ಕೊಡಿ. ಒಂದೊಂದು ಜೋಡಿಗೂ ಒಂದು ಫ್ಯೂಸ್ ಇರಲಿ, 5 ವೋಲ್ಟ್ ತಾನೇ ಅನ್ನಬೇಡಿ. ಎಲ್ಲೋ ಶಾರ್ಟ್ ಆದರೆ 10 ಆಂಪ್ ಒಂದೇ ಜಾಗದಲ್ಲಿ ನುಗ್ಗುತ್ತದೆ, ಪ್ಲಾಸ್ಟಿಕ್ ಕರಗುವುದಕ್ಕೆ ಅಷ್ಟು ಧಾರಾಳ ಸಾಕು. ನಾನು ಹೀಗೆ ಒಂದು ಕನೆಕ್ಟರ್ ಸುಟ್ಟುಕೊಂಡ ಮೇಲೆ ಬುದ್ಧಿ ಕಲಿತೆ.

ರಿಮೋಟ್_ರಾಯ

ಇಷ್ಟೆಲ್ಲ ಯಾಕೆ ಗುರು? ಸಾಧಾರಣ ನಾಲ್ಕು ವೈರಿನ ಸ್ಟ್ರಿಪ್ ತಗೊಂಡು ರಿಮೋಟ್ ಒತ್ತಿದರೆ ಮುಗೀತು.

ಮಿಣುಕುಹುಳ

ಅದರಲ್ಲಿ ಇಡೀ ಸ್ಟ್ರಿಪ್ ಒಂದೇ ಬಣ್ಣ ಅಲ್ವಾ? ನನಗೆ ಒಂದೊಂದು ದೀಪ ಒಂದೊಂದು ಬಣ್ಣ ಬೇಕು.

ಅರ್ಧರಾತ್ರಿ_ಕೋಡ್

ಎಲ್ಲರೂ ಪವರ್ ಹಿಂದೆ ಬಿದ್ದಿದ್ದೀರಿ. ಮೊದಲ ದೀಪಗಳು ತಪ್ಪು ಬಣ್ಣ ಮಿಂಚುವುದಕ್ಕೂ ಆ ತುದಿಯ ಕೆಂಪಿಗೂ ಸಂಬಂಧವಿಲ್ಲ. ಬೇರೆ ಕಾಯಿಲೆ.

ಈ ಸ್ಟ್ರಿಪ್‌ಗೆ ಬಿಟ್‌ಗಳಿಗೆ ತಾಳ ಹಾಕುವ ಕ್ಲಾಕ್ ವೈರ್ ಇಲ್ಲ. ಒಂದೇ ವೈರ್‌ನಲ್ಲಿ ಸಮಯ ನೋಡಿ 0 ಯಾವುದು 1 ಯಾವುದು ಅಂತ ತಿಳಿಯಬೇಕು. ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್. ಅದರಲ್ಲಿ ಸಿಗ್ನಲ್ ಸುಮಾರು 0.4 ಮೈಕ್ರೋಸೆಕೆಂಡ್ ಹೊತ್ತು ಹೈ ಇದ್ದರೆ 0, ಸುಮಾರು 0.8 ಹೊತ್ತು ಹೈ ಇದ್ದರೆ 1. ಒಂದು ದೀಪಕ್ಕೆ 24 ಬಿಟ್, ಅಂದರೆ 30 ಮೈಕ್ರೋಸೆಕೆಂಡ್. 300 ದೀಪಕ್ಕೆ 9 ಮಿಲಿಸೆಕೆಂಡ್. ಅಷ್ಟು ಹೊತ್ತು ಪ್ರೊಸೆಸರ್ ಉಸಿರು ಬಿಗಿಹಿಡಿದು ಎಣಿಸುತ್ತಾ ಕೂರಬೇಕು. 8266ರಲ್ಲಿ ಇರುವುದು ಒಂದೇ ಕೋರ್, ವೈಫೈ ಕೆಲಸವೂ ಅದರದ್ದೇ. ನಡುವೆ ವೈಫೈ ಬಂದು ಬಾಗಿಲು ತಟ್ಟಿದರೆ ಎಣಿಕೆ ತಪ್ಪುತ್ತದೆ.

ತಡ ಇನ್ನೂ ಜಾಸ್ತಿಯಾದರೆ ಮಜಾ ನೋಡಿ. ಡೇಟಾ ವೈರ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸ್ಟ್ರಿಪ್ ಅದನ್ನು ರೀಸೆಟ್ ಅಂದುಕೊಳ್ಳುತ್ತದೆ. ಹಳೆ ಚಿಪ್‌ಗಳಲ್ಲಿ 50 ಮೈಕ್ರೋಸೆಕೆಂಡ್, ಹೊಸದರಲ್ಲಿ 280. ಆಮೇಲೆ ಬರುವ ಡೇಟಾವನ್ನು ಮತ್ತೆ ಒಂದನೇ ದೀಪದಿಂದ ಹಂಚುತ್ತದೆ. 140ನೇ ದೀಪದ ಬಣ್ಣ ಹೋಗಿ ಮೊದಲನೆಯದರಲ್ಲಿ ಕೂರುತ್ತದೆ. ನಿಮ್ಮ ದೆವ್ವ ಇದೇ ಇರಬೇಕು.

ನಿಯೋಪಿಕ್ಸೆಲ್‌ಬಸ್ ಲೈಬ್ರರಿ ಹಾಕಿ, ಡಿಎಂಎ ವಿಧಾನ ಆರಿಸಿ. ಅದು ಆರ್‌ಎಕ್ಸ್ ಅಂತ ಬರೆದಿರುವ ಜಿಪಿಐಒ3 ಪಿನ್‌ನಲ್ಲಿ ಮಾತ್ರ ನಡೆಯುತ್ತದೆ. ಬಿಟ್ ಕಳಿಸುವ ಕೂಲಿ ಕೆಲಸವನ್ನು ಹಾರ್ಡ್‌ವೇರ್ ನೋಡಿಕೊಳ್ಳುತ್ತದೆ, ಪ್ರೊಸೆಸರ್ ವೈಫೈ ನೋಡಿಕೊಳ್ಳಬಹುದು. ಆ ಪಿನ್ ಹೋದರೆ ಸೀರಿಯಲ್ ಮಾನಿಟರ್‌ನಿಂದ ಬೋರ್ಡ್‌ಗೆ ಏನೂ ಕಳಿಸಲಾಗದು, ಅದೊಂದು ನಷ್ಟ.

ಜಂಪರ್_ಜಾಣೆ

ಅಥವಾ ಇಎಸ್‌ಪಿ32 ತಗೊಳ್ಳಿ. ಅದರಲ್ಲಿ ಆರ್‌ಎಂಟಿ ಅಂತ ಇಂಥ ಪಲ್ಸ್ ಕಳಿಸುವುದಕ್ಕೇ ಒಂದು ಭಾಗ ಇದೆ. ಪಿನ್ ಆರಿಸುವಾಗ ಮಾತ್ರ ಜೋಪಾನ. 34ರಿಂದ 39 ಬರೀ ಇನ್‌ಪುಟ್, 6ರಿಂದ 11 ಕೋಡ್ ಕೂರುವ ಫ್ಲ್ಯಾಶ್ ಮೆಮೊರಿಗೆ ಹೋಗಿರುತ್ತವೆ. ನಾನು 34ಕ್ಕೆ ವೈರ್ ಹಾಕಿ ಒಂದು ಇಡೀ ಭಾನುವಾರ ಸ್ಟ್ರಿಪ್‌ಗೆ ಬೈದಿದ್ದೇನೆ.

ಓಮ್_ಮಾವ

ಡೇಟಾ ಲೈನ್‌ನ ವೋಲ್ಟೇಜ್ ಯಾರೂ ಕೇಳಲಿಲ್ಲ. ಬೋರ್ಡ್ ಕೊಡುವುದು 3.3 ವೋಲ್ಟ್. 5 ವೋಲ್ಟ್‌ನಲ್ಲಿ ಓಡುವ ಡಬ್ಲ್ಯೂಎಸ್2812ಬಿ ಡೇಟಾಶೀಟ್ ಪ್ರಕಾರ 1 ಅಂತ ಒಪ್ಪಿಕೊಳ್ಳಲು ಸಪ್ಲೈಯ 0.7 ಪಾಲು ಬೇಕು, ಅಂದರೆ 3.5. ಮೇಜಿನ ಮೇಲೆ ಗಿಡ್ಡ ವೈರ್ ಇದ್ದಾಗ ಹೇಗೋ ನಡೆಯಿತು. ಈಗ ಬೋರ್ಡಿಗೂ ಸ್ಟ್ರಿಪ್‌ಗೂ ಎಷ್ಟು ದೂರ?

ಮಿಣುಕುಹುಳ

ಎರಡು ಮೀಟರ್ ಚಿಲ್ಲರೆ. ಬೋರ್ಡ್ ಕಪಾಟಿನ ಒಳಗಿದೆ, ಹೊರಗಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂತ ಮನೆಯಲ್ಲಿ ತೀರ್ಪಾಗಿದೆ.

ಓಮ್_ಮಾವ

ತೀರ್ಪಿನ ವಿರುದ್ಧ ಮೇಲ್ಮನವಿ ಹಾಕಿ. ಬೋರ್ಡ್ ಸ್ಟ್ರಿಪ್ ಪಕ್ಕದಲ್ಲೇ ಇರಬೇಕು.

ತಂತಿ_ತಮ್ಮ

3.3 ವೋಲ್ಟ್ ಸಿಗ್ನಲ್ ಅನ್ನು 5ಕ್ಕೆ ಏರಿಸುವ ಲೆವೆಲ್ ಶಿಫ್ಟರ್ ಹಾಕಿದರೆ ಸರಿಹೋಗುತ್ತೆ ಸರ್. ನಾಲ್ಕು ಚಾನೆಲ್‌ನ ಪುಟ್ಟ ಬೋರ್ಡ್ ಸಿಗುತ್ತೆ.

ಮಿಣುಕುಹುಳ

ತಮ್ಮ ಹೇಳಿದ ಬೋರ್ಡ್ ನನ್ನ ಡಬ್ಬಿಯಲ್ಲೇ ಇತ್ತು, ಹಾಕಿ ನೋಡಿದೆ. ಇನ್ನೂ ಕೆಟ್ಟಿತು. ಮುಂಚೆ ಆಗಾಗ ಮಿಂಚುತ್ತಿತ್ತು, ಈಗ ಮಿಂಚುವುದೇ ಕೆಲಸ.

ಜಂಪರ್_ಜಾಣೆ

ಅಯ್ಯೋ, ಅದರ ಮೇಲೆ ಬಿಎಸ್‌ಎಸ್138 ಮಾಸ್ಫೆಟ್‌ಗಳು, 10 ಕಿಲೋಓಮ್ ಪುಲ್‌ಅಪ್‌ಗಳು ಇವೆಯಾ? ಅದು ಐ2ಸಿಯಂಥ ನಿಧಾನದ ಸಿಗ್ನಲ್‌ಗೆ ಮಾಡಿದ್ದು. 800 ಕಿಲೋಹರ್ಟ್ಜ್‌ನ ಚೂಪು ಅಂಚೆಲ್ಲ ಗುಡ್ಡದ ಹಾಗೆ ದುಂಡಗಾಗುತ್ತದೆ. 74ಎಎಚ್‌ಸಿಟಿ125 ಅನ್ನುವ ಬಫರ್ ಚಿಪ್ ತಗೊಳ್ಳಿ, 5 ವೋಲ್ಟ್ ಕೊಡಿ, 3.3 ಒಳಗೆ ಬಿಟ್ಟರೆ ಹೊರಗೆ 5 ಬರುತ್ತದೆ.

ಸೋಲ್ಡರ್_ಹೊಗೆ

'ಟಿ' ಅಕ್ಷರ ನೋಡಿಕೊಂಡು ತಗೊಳ್ಳಿ. ಎಚ್‌ಸಿ ಬೇರೆ, ಎಚ್‌ಸಿಟಿ ಬೇರೆ. 5 ವೋಲ್ಟ್‌ನಲ್ಲಿ ಎಚ್‌ಸಿ ಚಿಪ್‌ಗೂ 3.5 ವೋಲ್ಟ್ ಬೇಕು, ಎಚ್‌ಸಿಟಿಗೆ 2 ಸಾಕು. ಟಿ ಇಲ್ಲದ್ದು ತಂದರೆ ಸಮಸ್ಯೆಯನ್ನು ಸ್ಟ್ರಿಪ್‌ನಿಂದ ಚಿಪ್‌ಗೆ ವರ್ಗಾಯಿಸಿದ ಹಾಗಷ್ಟೆ.

ತಂತಿ_ತಮ್ಮ

ತಪ್ಪಾಯ್ತು. ನಾನು ಅದನ್ನು ಡಿಸ್‌ಪ್ಲೇಗೆ ಬಳಸಿದ್ದೆ, ಅಲ್ಲಿ ನಡೆದಿತ್ತು.

ಹಳೇ_ರೇಡಿಯೋ

ಚಿಪ್ ಬರುವ ತನಕ ಒಂದು ದೇಸಿ ಉಪಾಯ. ಸ್ಟ್ರಿಪ್‌ನಿಂದ ಒಂದೇ ಒಂದು ದೀಪ ಕತ್ತರಿಸಿ ಬೋರ್ಡ್ ಪಕ್ಕ ಇಡಿ. ಅದರ 5 ವೋಲ್ಟ್ ಲೈನ್‌ನಲ್ಲಿ ಒಂದು 1ಎನ್4001 ಡಯೋಡ್ ಹಾಕಿ. 0.7 ಬಿದ್ದು ಆ ದೀಪಕ್ಕೆ ಸಿಗುವುದು 4.3. ಅದರ 0.7 ಪಾಲು ಅಂದರೆ 3 ವೋಲ್ಟ್, ನಿಮ್ಮ 3.3 ಅದಕ್ಕೆ ಸಾಕು. ಆ ದೀಪ ಹೊರಗೆ ಕಳಿಸುವ ಸಿಗ್ನಲ್ 4.3ರ ಹತ್ತಿರ ಇರುತ್ತದೆ, ಮುಂದಿನವು ಖುಷಿಯಾಗಿ ಒಪ್ಪುತ್ತವೆ. ಕೋಡ್‌ನಲ್ಲಿ ಆ ಮೊದಲ ದೀಪವನ್ನು ಕಪ್ಪಗೆ ಇಟ್ಟುಬಿಡಿ. ಕೆಲಸದವನಂತೆ, ಮುಖ ತೋರಿಸದೆ ಮಾತು ದಾಟಿಸುತ್ತಿರುತ್ತದೆ.

ರಿಮೋಟ್_ರಾಯ

ಒಂದು ದೀಪ ಉರಿಸದೇ ಇರುವುದಕ್ಕೆ ಡಯೋಡ್ ಬೇರೆ. ನಾನು ರಿಮೋಟ್ ಒತ್ತಿ ಮಲಗುತ್ತೇನೆ.

ಅರ್ಧರಾತ್ರಿ_ಕೋಡ್

ರಾಯರೇ, ರಿಮೋಟ್ ಸೋಫಾ ಕೆಳಗೆ ಹೋದಾಗ ಇಲ್ಲಿಗೆ ಬನ್ನಿ.

ಸ್ವಿಚ್_ಸಿದ್ಧ

ಯಾಕೆ ಸ್ವಂತ ಕೋಡ್? ಡಬ್ಲ್ಯೂಎಲ್ಇಡಿ ಅನ್ನುವ ಸಿದ್ಧ ಸಾಫ್ಟ್‌ವೇರ್ ಹಾಕಿ ಮಲಗಿ. ಬ್ರೌಸರ್‌ನಿಂದಲೇ ಯುಎಸ್‌ಬಿ ಮೂಲಕ ಬೋರ್ಡ್‌ಗೆ ಇಳಿಯುತ್ತದೆ. ಬೋರ್ಡ್ ತನ್ನದೇ ವೈಫೈ ತೋರಿಸುತ್ತದೆ, ಅದಕ್ಕೆ ಸೇರಿ 4.3.2.1 ಅಂತ ಹೊಡೆದು ಮನೆಯ ವೈಫೈ ವಿವರ ತುಂಬಿದರೆ ಮುಗಿಯಿತು. ನೂರಕ್ಕೂ ಹೆಚ್ಚು ಎಫೆಕ್ಟ್. ಸಪ್ಲೈ ಎಷ್ಟು ಮಿಲಿಆಂಪ್ ಅಂತ ಹೇಳಿಟ್ಟರೆ ಅದನ್ನು ಮೀರದ ಹಾಗೆ ಬೆಳಕನ್ನು ತಾನೇ ತಗ್ಗಿಸುತ್ತದೆ. ಮಾವನ 18 ಆಂಪ್ ಭಯವೂ ಹೋಯಿತು.

ಸೋಲ್ಡರ್_ಹೊಗೆ

ಹೋಗಿಲ್ಲ. ಅದು ಕರೆಂಟ್ ಅಳೆಯುವುದಿಲ್ಲ, ಯಾವ ಬಣ್ಣ ಎಷ್ಟು ಉರಿಯುತ್ತಿದೆ ಅಂತ ನೋಡಿ ಅಂದಾಜು ಹಾಕುತ್ತದೆ. ದೀಪಗಳ ಸಂಖ್ಯೆ ತಪ್ಪು ಕೊಟ್ಟರೆ ಅಂದಾಜೂ ತಪ್ಪು. ಒಳ್ಳೆಯ ಸೌಲಭ್ಯ, ಇಲ್ಲ ಅನ್ನುತ್ತಿಲ್ಲ. ಆದರೆ ಫ್ಯೂಸ್‌ಗೆ ಬದಲಿಯಲ್ಲ.

ಮಿಣುಕುಹುಳ

ಡಬ್ಲ್ಯೂಎಲ್ಇಡಿ ಗೊತ್ತು. ಆದರೆ ನಾನು ಇದನ್ನು ಕಲಿಯುವುದಕ್ಕೇ ಹಿಡಿದದ್ದು. ಸಿದ್ಧ ಅಡುಗೆ ತಂದು ತಿಂದರೆ ಒಲೆ ಹಚ್ಚುವುದು ಯಾವಾಗ ಕಲಿಯುವುದು?

ಸ್ವಿಚ್_ಸಿದ್ಧ

ಸರಿ. ಕೊನೆಪಕ್ಷ ಪರೀಕ್ಷೆಗಾದರೂ ಒಂದು ಸಲ ಹಾಕಿ. ಅದರಲ್ಲೂ ಮಿಂಚಿದರೆ ತಪ್ಪು ವೈರಿಂಗ್‌ನಲ್ಲಿ. ಮಿಂಚದಿದ್ದರೆ ನಿಮ್ಮ ಕೋಡ್‌ನಲ್ಲಿ. ಅರ್ಧ ಗಂಟೆಯಲ್ಲಿ ಜಗಳ ಇತ್ಯರ್ಥ.

ಅರ್ಧರಾತ್ರಿ_ಕೋಡ್

ಇದು ನ್ಯಾಯ. ಹುಳ ಅವರೇ, ಹಾಗೇ ಸ್ಲೈಡರ್ ಎಳೆದಾಗ ಬೋರ್ಡ್‌ನಲ್ಲಿ ಏನೇನು ನಡೆಯುತ್ತದೆ ಅಂತ ಹೇಳಿ. ಆ ರೀಸೆಟ್ ಕಥೆ ನನಗೆ ಇನ್ನೂ ಜೀರ್ಣವಾಗಿಲ್ಲ.

ಮಿಣುಕುಹುಳ

ಸ್ಲೈಡರ್ ಜರುಗಿದಾಗಲೆಲ್ಲ ಫೋನ್ ಒಂದು ವಿನಂತಿ ಕಳಿಸುತ್ತದೆ. ಬೋರ್ಡ್ ಬಣ್ಣ ಓದಿಕೊಂಡು 300 ದೀಪಕ್ಕೂ ಹಾಕುತ್ತದೆ. ಒಂದು ಚಂದದ ಫೇಡ್ ಇರಲಿ ಅಂತ ನಡುವೆ ಡಿಲೇ ಇಟ್ಟಿದ್ದೇನೆ. ಕರೆಂಟ್ ಹೋಗಿ ಬಂದರೂ ಬಣ್ಣ ನೆನಪಿರಲಿ ಅಂತ ಈಪ್ರಾಮ್‌ಗೆ ಬರೆದು ಕಮಿಟ್ ಮಾಡುತ್ತೇನೆ. ಅಷ್ಟೆ.

ಅರ್ಧರಾತ್ರಿ_ಕೋಡ್

ಅಷ್ಟೆ ಅಂತೀರಲ್ಲ! ಕಳ್ಳ ಸಿಕ್ಕ.

8266ರಲ್ಲಿ ನಿಜವಾದ ಈಪ್ರಾಮ್ ಇಲ್ಲ. ಫ್ಲ್ಯಾಶ್‌ನ ಒಂದು ತುಂಡನ್ನೇ ಹಾಗೆ ಕರೆಯುತ್ತಾರೆ. ನೀವು ಒಂದು ಬೈಟ್ ಬದಲಿಸಿ ಕಮಿಟ್ ಅಂದರೂ 4 ಕಿಲೋಬೈಟ್‌ನ ಇಡೀ ಸೆಕ್ಟರ್ ಅಳಿಸಿ ಮತ್ತೆ ಬರೆಯುತ್ತದೆ. ಆ ಹೊತ್ತಿನಲ್ಲಿ ಬೋರ್ಡ್‌ಗೆ ಬೇರೆ ಯಾರ ಮಾತೂ ಕೇಳಿಸದು. ಅದನ್ನು ಸ್ಲೈಡರ್‌ನ ಪ್ರತಿ ಹೆಜ್ಜೆಗೂ ಮಾಡಿಸುತ್ತಿದ್ದೀರಿ. ಕುಣಿಯದೆ ಏನು ಮಾಡುತ್ತದೆ?

ಇನ್ನೊಂದು ಕೆಟ್ಟ ಸುದ್ದಿ. ಇಂಥ ಫ್ಲ್ಯಾಶ್‌ನ ಒಂದು ಸೆಕ್ಟರ್ ಸಾಮಾನ್ಯವಾಗಿ 1 ಲಕ್ಷ ಸಲ ಅಳಿಸಿ ಬರೆಯುವುದನ್ನು ತಡೆಯುತ್ತದೆ. ಸ್ಲೈಡರ್ ಎಳೆಯುವಾಗ ಸೆಕೆಂಡಿಗೆ 10 ಸಲ ಅಂದುಕೊಳ್ಳಿ. 10,000 ಸೆಕೆಂಡ್‌ಗೆ ಆಯುಷ್ಯ ಮುಗಿಯಿತು, ಮೂರು ಗಂಟೆ ಕೂಡ ಇಲ್ಲ. ಬಣ್ಣ ಬದಲಾದಾಗ ಸಮಯ ಗುರುತು ಹಾಕಿಕೊಳ್ಳಿ. ಐದು ಸೆಕೆಂಡ್ ಯಾರೂ ಮುಟ್ಟದಿದ್ದರೆ ಆಗ ಒಂದೇ ಸಲ ಬರೆಯಿರಿ.

ಇನ್ನು ಡಿಲೇ. ಫೇಡ್‌ನೊಳಗೆ ಡಿಲೇ ಇಟ್ಟು ಕೂತರೆ ಅಷ್ಟು ಹೊತ್ತು ಮುಂದಿನ ವಿನಂತಿಗಳು ಸಾಲಲ್ಲಿ ನಿಲ್ಲುತ್ತವೆ. ಬೋರ್ಡ್‌ನ ಗಡಿಯಾರ ಮಿಲ್ಲಿಸ್ ನೋಡಿಕೊಂಡು ಲೂಪ್‌ನ ಪ್ರತಿ ಸುತ್ತಿಗೆ ಒಂದೊಂದು ಹೆಜ್ಜೆ ಫೇಡ್ ಮಾಡಿ. ಖಾಲಿ ಲೂಪ್‌ನಲ್ಲಿ ಜಾಸ್ತಿ ಹೊತ್ತು ಸುತ್ತಿಸಿದರೆ ಸಿಕ್ಕಿಬಿದ್ದ ಬೋರ್ಡನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಕಚ್ಚುತ್ತದೆ. ನಿಮ್ಮ ರೀಸೆಟ್‌ಗೆ ಅದೂ ಕಾರಣವಿರಬಹುದು.

ಓಮ್_ಮಾವ

ರೀಸೆಟ್‌ಗೆ ವೋಲ್ಟೇಜ್ ಕುಸಿತವೂ ಕಾರಣವಿರಬಹುದು. ಸ್ಲೈಡರ್ ಮೇಲಕ್ಕೆ ಹೋದಾಗ 300 ದೀಪ ಒಟ್ಟಿಗೆ ಬಾಯಿ ತೆರೆಯುತ್ತವೆ. ಸ್ಟ್ರಿಪ್ ಶುರುವಿನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯಾ? ಡೇಟಾ ಲೈನ್‌ನಲ್ಲಿ 330 ಓಮ್ ರೆಸಿಸ್ಟರ್?

ಮಿಣುಕುಹುಳ

ಎರಡೂ ಇಲ್ಲ. ಯಾವುದೋ ವಿಡಿಯೋದಲ್ಲಿ ಬೇಡ ಅಂದಿದ್ದರು.

ಓಮ್_ಮಾವ

ವಿಡಿಯೋದಲ್ಲಿ ಎಷ್ಟು ದೀಪ ಇದ್ದವು?

ಮಿಣುಕುಹುಳ

8.

ಹಳೇ_ರೇಡಿಯೋ

🙂

ಪರದೆ_ಹಿಂದೆ

ಸ್ವಲ್ಪ ಬೇರೆ ವಿಷಯ. ನನ್ನ ಸ್ಟ್ರಿಪ್ ಕಣ್ಣಿಗೆ ಸರಿಯಾಗಿದೆ, ಆದರೆ ಫೋನಿನಲ್ಲಿ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆ ಓಡುತ್ತವೆ. ಇದೂ ಇದೇ ಸಮಸ್ಯೆಯಾ?

ಜಂಪರ್_ಜಾಣೆ

ಅಲ್ಲ. ದೀಪಗಳು ಮಂಕಾಗಿ ಕಾಣುವುದಕ್ಕೆ ವೇಗವಾಗಿ ಆರಿ ಹತ್ತುತ್ತಿರುತ್ತವೆ. ಹಳೆಯ ಡಬ್ಲ್ಯೂಎಸ್2812ಗಳಲ್ಲಿ ಅದು ಸೆಕೆಂಡಿಗೆ 400 ಸಲದ ಆಸುಪಾಸು. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾ ಹಿಡಿದುಬಿಡುತ್ತದೆ. ಚಿತ್ರೀಕರಣವೇ ಮುಖ್ಯವಾದರೆ ಎಪಿಎ102 ಸ್ಟ್ರಿಪ್ ನೋಡಿ, ಅದು ಇದಕ್ಕಿಂತ ಎಷ್ಟೋ ಪಟ್ಟು ವೇಗ. ಕ್ಲಾಕ್‌ಗೆ ಬೇರೆ ವೈರ್ ಇರುವುದರಿಂದ ಮೇಲೆ ಹೇಳಿದ ಸಮಯದ ರಗಳೆಯೂ ಇಲ್ಲ. ವೈರ್ ಮೂರಲ್ಲ, ನಾಲ್ಕು.

ತಂತಿ_ತಮ್ಮ

ಸ್ಟ್ರಿಪ್ ಹಾಗೇ ಗೋಡೆಗೆ ಅಂಟಿಸಿದ್ದೀರಾ? ಮೇಲೆ ಹಾಲು ಬಣ್ಣದ ಮುಚ್ಚಳ ಇರುವ ಅಲ್ಯೂಮಿನಿಯಂ ಚಾನೆಲ್ ಹಾಕಿ. ಚುಕ್ಕಿ ಚುಕ್ಕಿ ಕಾಣುವುದು ತಪ್ಪುತ್ತದೆ, ಬಿಸಿಯೂ ಹರಡಿ ಹೋಗುತ್ತದೆ. ಈ ಸಲ ನಿಜವಾಗಲೂ ನಾನೇ ಹಾಕಿ ನೋಡಿದ್ದು.

ಸೋಲ್ಡರ್_ಹೊಗೆ

ಚಾನೆಲ್ ಒಳ್ಳೆಯದೇ, ಆದರೆ ಸ್ಟ್ರಿಪ್ ತುದಿಯ ತಾಮ್ರ ಅಲ್ಯೂಮಿನಿಯಂಗೆ ತಾಗಬಾರದು. ತುದಿಗೆ ಟೇಪ್ ಸುತ್ತಿ. ಸಪ್ಲೈ ಬಗ್ಗೆಯೂ ಒಂದು ಮಾತು. ಸ್ಕ್ರೂ ಹಾಕುವ ತೆರೆದ ಟರ್ಮಿನಲ್ ಇರುವ ಲೋಹದ ಡಬ್ಬಿಯಾ? ಹಾಗಿದ್ದರೆ ಒಂದು ಪಕ್ಕ 5 ವೋಲ್ಟ್, ಒಂದೇ ಬೆರಳಿನ ಅಂತರದಲ್ಲಿ ಮನೆಯ ಮೇನ್ಸ್. ಅರ್ಥ್ ವೈರ್ ಹಾಕಿದ್ದೀರಾ? ಮುಚ್ಚಳ ಇದೆಯಾ?

ಮಿಣುಕುಹುಳ

ಅರ್ಥ್ ಇದೆ. ಮುಚ್ಚಳ ಇವತ್ತು ಹಾಕುತ್ತೇನೆ. ಹೌದು, ಈಗ ನೆನೆಸಿಕೊಂಡರೆ ಭಯವಾಗುತ್ತಿದೆ.

ಮಿಣುಕುಹುಳ

ನಾಲ್ಕು ದಿನದ ನಂತರ ವರದಿ.

ಸ್ವಿಚ್_ಸಿದ್ಧ ಅವರ ಪರೀಕ್ಷೆ ಮೊದಲು ಮಾಡಿದೆ. ಡಬ್ಲ್ಯೂಎಲ್ಇಡಿ ಹಾಕಿದಾಗಲೂ ಆಗಾಗ ಮಿಂಚಿತು, ಆದರೆ ಸ್ಲೈಡರ್ ಎಳೆದರೆ ಕುಣಿಯಲಿಲ್ಲ, ರೀಸೆಟ್ ಆಗಲಿಲ್ಲ. ಅಂದರೆ ವೈರಿಂಗ್‌ನಲ್ಲೂ ತಪ್ಪು, ನನ್ನ ಕೋಡ್‌ನಲ್ಲೂ ತಪ್ಪು. ಯಾರೂ ಸೋಲಲಿಲ್ಲ, ನನ್ನನ್ನು ಬಿಟ್ಟು.

ಬೋರ್ಡನ್ನು ಸ್ಟ್ರಿಪ್ ಪಕ್ಕಕ್ಕೆ ತಂದೆ. ಒಂದು ಬಿಳಿ ಡಬ್ಬಿಯಲ್ಲಿ ಇಟ್ಟು ಮೇಲ್ಮನವಿ ಗೆದ್ದೆ. 74ಎಎಚ್‌ಸಿಟಿ125 ಹಾಕಿದೆ, ಟಿ ಇರುವುದನ್ನೇ. ಮೊದಲು ಒಂದು ದೀಪವೂ ಹತ್ತಲಿಲ್ಲ, ಬೆರಳು ತಾಗಿಸಿದರೆ ಹತ್ತಿತು. ನೋಡಿದರೆ ಎನೇಬಲ್ ಪಿನ್ ಯಾವುದಕ್ಕೂ ಸೇರಿಸದೆ ಗಾಳಿಯಲ್ಲಿ ಬಿಟ್ಟಿದ್ದೆ. ಗ್ರೌಂಡ್‌ಗೆ ಸೇರಿಸಿದ ಮೇಲೆ ಸರಿಯಾಯಿತು. ಆ ತುದಿಗೂ ಪವರ್ ಕೊಟ್ಟೆ, ಫ್ಯೂಸ್, ಕೆಪಾಸಿಟರ್, ರೆಸಿಸ್ಟರ್ ಎಲ್ಲ ಬಂದವು. ಬೆಳಕಿಗೆ ಕೋಡ್‌ನಲ್ಲೇ ಮಿತಿ ಹಾಕಿ 8 ಆಂಪ್ ಒಳಗೆ ಇಟ್ಟಿದ್ದೇನೆ. ಬಿಳಿ ಈಗ ಎರಡೂ ತುದಿಯಲ್ಲಿ ಬಿಳಿ. ನಡುವೆ ಚೂರು ಹಳದಿ, ನೋಡಲೇಬೇಕು ಅಂತ ನೋಡಿದರೆ ಮಾತ್ರ.

ಡಿಎಂಎಗೆ ಬದಲಾಯಿಸಿದೆ, ಕಮಿಟ್ ಐದು ಸೆಕೆಂಡ್ ನಂತರ. ಸ್ಲೈಡರ್ ಈಗ ಬೆಣ್ಣೆ.

ಆದರೆ ಒಂದು ಉಳಿದಿದೆ. 151ನೇ ದೀಪದಿಂದ ಆಚೆ ಒಮ್ಮೊಮ್ಮೆ ಇಡೀ ಭಾಗ ಹೆಪ್ಪುಗಟ್ಟಿದಂತೆ ಹಳೆ ಬಣ್ಣದಲ್ಲೇ ನಿಲ್ಲುತ್ತದೆ. ಗೋಡೆಗೆ ಒಂದು ಗುದ್ದು ಕೊಟ್ಟರೆ ಸರಿಹೋಗುತ್ತದೆ.

ಹಳೇ_ರೇಡಿಯೋ

ಗುದ್ದಿದರೆ ಸರಿಹೋಗುವುದು ಕೋಡ್ ಅಲ್ಲ, ಜಾಯಿಂಟ್. ಈ ಉದ್ದನೆ ಸ್ಟ್ರಿಪ್‌ಗಳು ಗಿಡ್ಡ ತುಂಡುಗಳನ್ನು ಸೋಲ್ಡರ್ ಮಾಡಿ ಜೋಡಿಸಿದವು, ಹಲವು ಸ್ಟ್ರಿಪ್‌ಗಳಲ್ಲಿ ಅರ್ಧ ಮೀಟರ್‌ಗೊಂದು ಬೆಸುಗೆ ಇರುತ್ತದೆ. 60ರ ಸ್ಟ್ರಿಪ್‌ನಲ್ಲಿ 30 ದೀಪಕ್ಕೊಂದು. 150 ಆದಮೇಲೆ ಒಂದು ಬಂದೇ ಬರುತ್ತದೆ ಅಲ್ವಾ?

ಜಂಪರ್_ಜಾಣೆ

151ನ್ನೇ ದೂರಬೇಡಿ, 150ನ್ನೂ ನೋಡಿ. ಅದು ತಾನು ಚೆನ್ನಾಗಿ ಉರಿದು, ಮುಂದಕ್ಕೆ ಮಾತ್ರ ಡೇಟಾ ಕೊಡದೆ ಇರಬಹುದು.

ಮಿಣುಕುಹುಳ

ಜಾಯಿಂಟ್‌ನಲ್ಲೇ ಇತ್ತು. ಡೇಟಾ ಪ್ಯಾಡ್‌ನ ಸೋಲ್ಡರ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕಾಯಿಸಿ ಹೊಸ ಸೋಲ್ಡರ್ ಇಟ್ಟೆ. ಎರಡು ದಿನದಿಂದ ಗೋಡೆಗೆ ಗುದ್ದಿಲ್ಲ.

ರಿಮೋಟ್_ರಾಯ

ಎಲ್ಲರೂ ಒಂದು ಸಲ ಬನ್ನಿ. ನಿಜವಾಗಲೂ ರಿಮೋಟ್ ಸಿಗುತ್ತಿಲ್ಲ.

ಅರ್ಧರಾತ್ರಿ_ಕೋಡ್

😂 ಹುಳ ಅವರೇ, ಕೆಲಸ ಮಾಡುವ ಕೋಡ್ ಇಲ್ಲಿ ಹಾಕಿ, ರಾಯರಿಗೆ ಬೇಕಾಗುತ್ತದೆ.

ಮಿಣುಕುಹುಳ

ರಾತ್ರಿ ಹಾಕುತ್ತೇನೆ. ಮೂರನೇ ಸಾಲಿನಲ್ಲೇ ಮನೆಯ ವೈಫೈ ಪಾಸ್‌ವರ್ಡ್ ಇದೆ, ಮೊದಲು ಅದನ್ನು ತೆಗೆಯಬೇಕು.